ಮೂರು ಮೆಟ್ಟಿಲು ಕೆಳಗೆ

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಕರೋಕೆ ಕೋಣೆಯಲ್ಲಿ ನನ್ನ ದನಿ ಕೈಕೊಟ್ಟಿತು. ಸಣ್ಣಗೆ ನಡುಗಿದ್ದಲ್ಲ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದು ಸೀಳಿತು. ಹಾಡು ಜಪಾನಿ ಗಾಯಕಿ ಮಿಸಿಯಾ 2000ದಲ್ಲಿ ಹಾಡಿದ ‘ಎವ್ರಿಥಿಂಗ್’. ಟೋಕಿಯೊಗೆ ಬಂದ ಹೊಸದರಲ್ಲಿ, ಒಂದಕ್ಷರ ಜಪಾನಿ ಗೊತ್ತಿಲ್ಲದಾಗಲೂ ಪಾತ್ರೆ ತೊಳೆಯುತ್ತಾ ಅದನ್ನು ಗುನುಗುತ್ತಿದ್ದೆ, ಹಾಗಾಗಿ ಅದು ನನ್ನದೇ ಹಾಡು ಅಂತ ಒಂದು ಭ್ರಮೆ. ಗುನುಗುವುದಕ್ಕೂ ಮೈಕ್ ಹಿಡಿದು ಹಾಡುವುದಕ್ಕೂ ಎಷ್ಟು ದೂರ ಅಂತ ಆವತ್ತು ಗೊತ್ತಾಯಿತು. ಜೊತೆಗಿದ್ದ ಮೂವರೂ ಟ್ಯಾಂಬರಿನ್ ಎತ್ತಿಕೊಂಡು ಜೋರಾಗಿ ಬಡಿದರು. ನಿಧಾನದ ಹಾಡಿಗೆ ಯಾರಾದರೂ ಟ್ಯಾಂಬರಿನ್ ಬಡಿಯುತ್ತಿದ್ದಾರೆ ಅಂದರೆ ಏನೋ ಮುಚ್ಚಿಹಾಕುತ್ತಿದ್ದಾರೆ ಅಂತ ಅರ್ಥ.

ನಾವು ನಾಲ್ವರು. ಇಲ್ಲಿ ಇಂಥ ಗೆಳೆತನಕ್ಕೆ ‘ಮಾಮಾ-ತೊಮೊ’ ಅಂತಾರೆ, ಮಕ್ಕಳ ಶಾಲೆಯಿಂದ ಪರಿಚಯವಾದ ಅಮ್ಮಂದಿರು. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು, ನಾವು ಮಾತ್ರ ತಿಂಗಳಿಗೊಮ್ಮೆ ಸೇರುವುದನ್ನು ಬಿಟ್ಟಿಲ್ಲ. ವಾರದ ದಿನ ಮಧ್ಯಾಹ್ನ ಹೋದರೆ ರಾತ್ರಿಗಿಂತ ಎಷ್ಟೋ ಅಗ್ಗ, ಗಲಾಟೆಯೂ ಇಲ್ಲ. ನನಗೆ 49. ಚಿಕ್ಕವಳಿಗೆ 46, ಮಧ್ಯದವಳಿಗೆ 52, ಹಿರಿಯರಿಗೆ 58. ಆ ಹಿರಿಯರನ್ನು ನಾನು ಮನಸ್ಸಿನಲ್ಲಿ ದೊಡ್ಡಕ್ಕ ಅಂತಲೇ ಕರೆಯುವುದು. ಬಾಯಲ್ಲಿ ಮಾತ್ರ ಇಲ್ಲಿನ ಪದ್ಧತಿಯಂತೆ ಮನೆತನದ ಹೆಸರಿಗೊಂದು ‘ಸಾನ್’.

ದೊಡ್ಡಕ್ಕ ಟ್ಯಾಂಬರಿನ್ ಕೆಳಗಿಟ್ಟರು. ಹಾಡು ಆರಿಸುವ ಟ್ಯಾಬ್ಲೆಟ್ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಶ್ರುತಿ ಇಳಿಸುವ ಫ್ಲಾಟ್ ಗುರುತಿನ ಬಟನ್ ಹುಡುಕಿ ಮೂರು ಸಲ ಒತ್ತಿದರು. ಪಿ, ಪಿ, ಪಿ. ಪರದೆಯ ಮೂಲೆಯಲ್ಲಿ ಮೈನಸ್ ಮೂರು ಅಂತ ಬಂತು. "ಈಗ ಇನ್ನೊಂದು ಸಲ ಹಾಡಿ, ಮೊದಲಿಂದ," ಅಂದರು. ಅಷ್ಟೇ.

ನನಗೆ ನಾಚಿಕೆಯಾಯಿತು. ಯಾಕೆ ಅಂತ ಮನೆಗೆ ಬರುವ ರೈಲಿನಲ್ಲಿ ಯೋಚಿಸಿದೆ. ಜಪಾನಿನ ಕರೋಕೆ ಮಷೀನಿನಲ್ಲಿ ‘ಗೆಂಕ್ಯೊಕು ಕೀ’ ಅಂತ ಒಂದು ಬಟನ್ ಇರುತ್ತದೆ, ಮೂಲ ಹಾಡಿನ ಶ್ರುತಿ ಅಂತ. ಆ ಹೆಸರೇ ಮೋಸದ್ದು. ಮೂಲ ಅಂದಕೂಡಲೇ ಅದೇ ಸರಿ, ಮಿಕ್ಕಿದ್ದೆಲ್ಲ ರಿಯಾಯಿತಿ ಅನ್ನಿಸಿಬಿಡುತ್ತದೆ. ಆದರೆ ನಾನು ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ನಮ್ಮ ಟೀಚರ್ ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದವರು ಐದಕ್ಕೆ ಇಳಿದರು, ಆಮೇಲೆ ನಾಲ್ಕೂವರೆಗೆ. ಪೆಟ್ಟಿಗೆಯ ಕೀಲಿ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಅದೇ ಕೃತಿ ಹಾಡುತ್ತಿದ್ದರು. ಅವರು ಸೋತರು ಅಂತ ಯಾರಿಗಾದರೂ ಅನ್ನಿಸಿತ್ತಾ? ಕರೋಕೆ ಮಷೀನಿನ ಒಂದೊಂದು ಒತ್ತು ಅಂದರೆ ಅರ್ಧ ಸ್ವರ. ಟೀಚರ್ ತಿರುಗಿಸುತ್ತಿದ್ದ ಅದೇ ಕೀಲಿ. ಇಷ್ಟು ಗೊತ್ತಿದ್ದೂ ಇಷ್ಟು ವರ್ಷ ಆ ಬಟನ್ ಮುಟ್ಟದೆ ಕಿರುಚಿದೆನಲ್ಲ!

ದನಿ ಇಳಿಯುವುದಕ್ಕೆ ದೇಹದಲ್ಲೇ ಕಾರಣ ಇದೆ. ಮುಟ್ಟು ನಿಲ್ಲುವ ಹೊತ್ತಿಗೆ, ಇಲ್ಲಿನವರು ‘ಕೋನೆನ್‌ಕಿ’ ಅನ್ನುವ ಆ ವರ್ಷಗಳಲ್ಲಿ, ಈಸ್ಟ್ರೋಜೆನ್ ಕಡಿಮೆಯಾಗುತ್ತದೆ. ದನಿತಂತುಗಳು ಒಣಗುತ್ತವೆ, ಕೆಲವರಿಗೆ ಸ್ವಲ್ಪ ದಪ್ಪವಾಗುತ್ತವೆ. ಮಾತಾಡುವ ದನಿಯೇ ಒಂದಿಷ್ಟು ಕೆಳಗೆ ಬರುತ್ತದೆ. ಮೇಲಿನ ಸ್ವರ ಪೂರ್ತಿ ಹೋಗುವುದಿಲ್ಲ, ಆದರೆ ಮೊದಲು ಸುಮ್ನೆ ಸಿಗುತ್ತಿದ್ದದ್ದು ಈಗ ಕಾಲ್ಬೆರಳ ಮೇಲೆ ನಿಂತು ಡಬ್ಬಿ ತೆಗೆದ ಹಾಗೆ. ಒಳ್ಳೆಯ ಸುದ್ದಿ ಅಂದರೆ ಕೆಳಗಿನ ಮನೆಗಳು ತೆರೆದುಕೊಳ್ಳುತ್ತವೆ. ಇಪ್ಪತ್ತರಲ್ಲಿ ಗಾಳಿ ಮಾತ್ರ ಬರುತ್ತಿದ್ದ ಸ್ವರಗಳಲ್ಲಿ ಈಗ ನನಗೆ ತೂಕವಿದೆ.

ಕರೋಕೆ ಹುಟ್ಟಿದ್ದೇ ಹಾಡುವವರ ದನಿಗೆ ಹೊಂದಿಕೊಳ್ಳುವುದಕ್ಕೆ ಅಂತ ನನಗೆ ಆಮೇಲೆ ಹೊಳೆಯಿತು. ಕೋಬೆ ನಗರದ ಬಾರುಗಳಲ್ಲಿ ಹಾಡುವವರಿಗೆ ಪಕ್ಕವಾದ್ಯ ನುಡಿಸುತ್ತಿದ್ದ ಇನೊಉಎ ದಾಯ್‌ಸುಕೆ ಅನ್ನುವವರು 1971ರಲ್ಲಿ ಈ ಮಷೀನನ್ನು ಬಾಡಿಗೆಗೆ ಕೊಡಲು ಶುರುಮಾಡಿದರು. ಅದಕ್ಕೆ ಮೊದಲು, ಒಬ್ಬ ಗಿರಾಕಿ ಕಂಪನಿ ಟ್ರಿಪ್ಪಿಗೆ ಹೊರಟಾಗ ನೀನೇ ಬಂದು ನುಡಿಸಬೇಕು ಅಂದನಂತೆ, ತನ್ನ ಹಾಡಿಗೆ ಹೊಂದಿಕೊಂಡು ನುಡಿಸುವವನು ಇವನೇ ಅಂತ. ಹೋಗಲು ಆಗದ ಇನೊಉಎ ಅವನಿಗೆ ಬೇಕಾದ ಹಾಗೆ ಟೇಪ್ ಮಾಡಿಕೊಟ್ಟರು. 2004ರಲ್ಲಿ ಅವರಿಗೆ ನೊಬೆಲ್ ಅನ್ನು ತಮಾಷೆಗೆ ಅಣಕಿಸುವ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಂದಮೇಲೆ ಮಷೀನು ನಮಗೆ ಬಗ್ಗಬೇಕೇ ಹೊರತು ನಾವು ಮಷೀನಿಗಲ್ಲ, ಅಲ್ವಾ.

ಇನ್ನು ಹಾಡು ಆರಿಸುವ ಮಾತು. ಇಲ್ಲಿ ನಾವು ಮೋಸಹೋಗುವ ಜಾಗ ಒಂದಿದೆ. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲೇ ಬರುತ್ತದೆ, ಹಾಡಿನ ಮುಖ ಎದುರಿಗೇ ಇರುತ್ತದೆ. ಜಪಾನಿ ಪಾಪ್ ಹಾಡು ಸಾಮಾನ್ಯವಾಗಿ ‘ಎ ಮೆಲೊ’ದಲ್ಲಿ ತಣ್ಣಗೆ, ಮಾತಾಡುವ ದನಿಯಲ್ಲಿ ಶುರುವಾಗುತ್ತದೆ, ‘ಬಿ ಮೆಲೊ’ದಲ್ಲಿ ಒಂದು ಮೆಟ್ಟಿಲು ಹತ್ತಿಸುತ್ತದೆ, ಆಮೇಲೆ ‘ಸಬಿ’, ಅಂದರೆ ಅವರ ಪಲ್ಲವಿ. ಹಾಡಿನ ಜೀವವೆಲ್ಲ ಇರುವುದು ಸಬಿಯಲ್ಲಿ, ಅತಿ ಎತ್ತರದ ಸ್ವರವೂ ಬಹಳ ಸಲ ಅಲ್ಲೇ. ಎ ಮೆಲೊ ಕೇಳಿ ಆಹಾ, ಇದು ನನ್ನ ದನಿಗೆ ಹೇಳಿಮಾಡಿಸಿದ್ದು ಅಂತ ಮೈಕ್ ಹಿಡಿದವರು ಒಂದು ನಿಮಿಷ ಕಳೆದಮೇಲೆ ಮರದ ತುದಿಯಲ್ಲಿರುತ್ತಾರೆ. ಸಾಲದ್ದಕ್ಕೆ 90ರ ದಶಕದ ಎಷ್ಟೋ ಬ್ಯಾಲಡ್‌ಗಳಲ್ಲಿ ಕೊನೆಯ ಸಬಿ ಇನ್ನೂ ಅರ್ಧ ಸ್ವರ, ಒಂದು ಸ್ವರ ಮೇಲೆ ಹಾರುತ್ತದೆ. ಹಾಗಾಗಿ ನಾನೀಗ ಹೊಸ ಹಾಡು ಹಿಡಿಯುವ ಮೊದಲು ಮನೆಯಲ್ಲಿ ಕೊನೆಯ ಸಬಿಯನ್ನೇ ಹಾಡಿ ನೋಡುತ್ತೇನೆ. ಅದು ಎರಡು ಸಲ ಹಾಡಿದರೂ ಗಂಟಲು ಬಿಗಿಯಲಿಲ್ಲ ಅಂದರೆ ಮಾತ್ರ ಮುಂದಿನದು.

ಈಗ ಒಂದು ತಮಾಷೆಯ ವಿಷಯ. ನಮ್ಮಲ್ಲಿ ಚಿಕ್ಕವಳು ಹೈಸ್ಕೂಲಿನಲ್ಲಿದ್ದಾಗ ಜಪಾನೆಲ್ಲ ಸಂಗೀತ ಸಂಯೋಜಕ ಕೊಮುರೊ ತೆತ್ಸುಯಾ ಅವರ ಹಾಡುಗಳದ್ದೇ ರಾಜ್ಯ. 1996ರ ‘ಡಿಪಾರ್ಚರ್ಸ್’, ಅದೇ ವರ್ಷದ ‘ಐ ಆ್ಯಮ್ ಪ್ರೌಡ್’, ಎಲ್ಲ ಎತ್ತರ, ಇನ್ನೂ ಎತ್ತರ. ಹೆಂಗಸರ ದನಿಯನ್ನು ಎಳೆದು ತಂತಿ ಮಾಡಿ ಮೀಟಿದ ಹಾಗೆ. ಆಗಿನ ಹುಡುಗಿಯರು ಅದನ್ನೇ ಹಾಡಿ ಬೆಳೆದರು. ಆಮೇಲೆ 1999ರಲ್ಲಿ ಉತಾದಾ ಹಿಕಾರು ಅವರ ‘ಫಸ್ಟ್ ಲವ್’ ಬಂತು. ಆ ಹೆಸರಿನ ಆಲ್ಬಮ್ ಜಪಾನಿನಲ್ಲೇ 70 ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಹಾಡಿದಾಕೆಗೆ ಆಗ 16 ವರ್ಷ. ಹದಿನಾರರ ಗಂಟಲಿಗೆ ಹೊಲಿದ ಅಂಗಿಯನ್ನು 46ರಲ್ಲಿ ಹಾಕಿಕೊಂಡು ಬಟನ್ ಹಾಕಲು ಬರುವುದಿಲ್ಲ ಅಂತ ಅಳುತ್ತೇವೆ. ಅವರವರ ಹರೆಯದ ಹಾಡು ಅವರವರಿಗೆ ಹಿತ ಅಂತ ನಾವು ಅಂದುಕೊಂಡಿರುತ್ತೇವೆ, ಈ ವಯಸ್ಸಿನವರಿಗೆ ಅದು ಉಲ್ಟಾ. ಹರೆಯದ ಹಾಡುಗಳೇ ಎಲ್ಲಕ್ಕಿಂತ ಕಷ್ಟ.

ಹಿತವಾಗಿರುವುದು ಅಮ್ಮನ ಕಾಲದ ಹಾಡುಗಳು. ಇದು ನನ್ನ ದೊಡ್ಡ ಆವಿಷ್ಕಾರ.

ಯಮಾಗುಚಿ ಮೊಮೊಎ ಅವರನ್ನೇ ತೆಗೆದುಕೊಳ್ಳಿ. 21ನೇ ವಯಸ್ಸಿಗೆ, 1980ರಲ್ಲಿ, ಹಾಡುವುದನ್ನೇ ಬಿಟ್ಟು ಮನೆ ಸೇರಿದರು, ಆದರೆ ಹಾಡಿದಷ್ಟೂ ದಿನ ಆ ದನಿ ಚಿಕ್ಕ ಹುಡುಗಿಯದ್ದು ಅನ್ನಿಸಲೇ ಇಲ್ಲ. ಗಟ್ಟಿ, ಕೆಳಗಿನ ದನಿ. 1978ರ ‘ಈ ಹಿ ತಾಬಿದಾಚಿ’ ಆಗಿನ ಸರ್ಕಾರಿ ರೈಲ್ವೆಯ ಪ್ರವಾಸ ಪ್ರಚಾರಕ್ಕೆ ಬಂದ ಹಾಡು, ಹೊರಡಲು ಒಳ್ಳೆಯ ದಿನ ಅನ್ನುವ ಅರ್ಥದ್ದು. ಅದು ನಡೆಯುವ ವೇಗದಲ್ಲಿ ಸಾಗುತ್ತದೆ, ಉಸಿರು ತೆಗೆದುಕೊಳ್ಳಲು ಬೇಕಾದಷ್ಟು ಜಾಗ. ಮಾತ್ಸುತೊಯಾ ಯುಮಿ, ಅಂದರೆ ಎಲ್ಲರೂ ಪ್ರೀತಿಯಿಂದ ಯೂಮಿನ್ ಅನ್ನುವವರು, ಇನ್ನೂ ಒಂದು ಹೆಜ್ಜೆ ಮುಂದೆ. ಅವರ ದನಿಯಲ್ಲಿ ಸರ್ಕಸ್ಸೇ ಇಲ್ಲ, ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಾ ಹಾಡಿಕೊಂಡ ಹಾಗೆ. 1975ರ ‘ಸೊತ್ಸುಗ್ಯೊ ಶಾಶಿನ್’ ಅನ್ನುವ ಶಾಲೆಯ ಫೋಟೊದ ಹಾಡನ್ನು ನಮ್ಮ ನಾಲ್ವರಲ್ಲಿ ಯಾರು ಹಾಡಿದರೂ ಚೆನ್ನಾಗಿಯೇ ಕೇಳಿಸುತ್ತದೆ, ಇದನ್ನು ಕೆಡಿಸುವುದಕ್ಕೆ ಪ್ರಯತ್ನ ಬೇಕು.

ಭಾಷೆ ಕಲಿಯುತ್ತಿರುವ ನನ್ನಂಥವರಿಗೆ ತೆರೆಸಾ ತೆಂಗ್. ತೈವಾನಿನಲ್ಲಿ ಹುಟ್ಟಿದವರು, ಜಪಾನಿ ಅವರಿಗೂ ಹೊರಗಿನ ಭಾಷೆಯೇ, ಅದಕ್ಕೋ ಏನೋ ಒಂದೊಂದು ಅಕ್ಷರವನ್ನೂ ಬಿಡಿಸಿ, ಮೃದುವಾಗಿ ಇಡುತ್ತಾರೆ. 1986ರ ‘ತೊಕಿ ನೊ ನಾಗಾರೆ ನಿ ಮಿ ಒ ಮಾಕಾಸೆ’ ಅನ್ನು ಕೂಗಿ ಹಾಡಿದರೆ ಹಾಡೇ ಹಾಳಾಗುತ್ತದೆ. ಮೈಕ್ ಹತ್ತಿರ ಹಿಡಿದು, ಕಿವಿಯಲ್ಲಿ ಹೇಳಿದಷ್ಟೇ ದನಿ ಸಾಕು. ಕಾಂಜಿ ಅಕ್ಷರ ಓದಲು ಬರುವುದಿಲ್ಲ ಅಂತ ಹೆದರಬೇಡಿ, ಪರದೆಯ ಮೇಲೆ ಅದರ ತಲೆಯ ಮೇಲೇ ಉಚ್ಚಾರಣೆ ಸಣ್ಣಗೆ ಬರೆದಿರುತ್ತದೆ. ಹಿರಾಗಾನಾ ಅನ್ನುವ ಸರಳ ಲಿಪಿ ಗೊತ್ತಿದ್ದರೆ ಸಾಕು.

‘ಇತೊ’ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಹೇಳುವ ಹೆಸರು ಅದು. ನಾಕಾಜಿಮಾ ಮಿಯುಕಿ 1992ರಲ್ಲಿ ಮಾಡಿದ ಹಾಡು. ಇತೊ ಅಂದರೆ ನೂಲು. ಉದ್ದದ ನೂಲು ಒಬ್ಬರು, ಅಡ್ಡದ ನೂಲು ಇನ್ನೊಬ್ಬರು, ನೇಯ್ದರೆ ಬಟ್ಟೆ. ನಾವು ದಿನಾ ಆಡುವ ಹಾಸುಹೊಕ್ಕು ಅನ್ನುವ ಮಾತೇ ಇದು, ಮಗ್ಗದಿಂದ ಎದ್ದು ಹಾಡಾಗಿದೆ. ಮದುವೆಗಳಲ್ಲಿ ತುಂಬ ಹಾಡುತ್ತಾರೆ. ತೀರಾ ಎತ್ತರಕ್ಕೆ ಹೋಗುವುದಿಲ್ಲ, ನಿಧಾನ, ಹಾಗಾಗಿ ಸುಲಭ ಅಂತ ಎಲ್ಲರ ಲೆಕ್ಕ. ಆದರೆ ನಿಧಾನದ ಹಾಡಿನಲ್ಲಿ ಅಡಗಲು ಜಾಗ ಇಲ್ಲ. ಪ್ರತಿ ಸ್ವರವೂ ಬಟ್ಟೆಯ ಮೇಲಿನ ಕಲೆಯ ಹಾಗೆ ಎದ್ದು ಕಾಣುತ್ತದೆ. ನಾನು ಮೈನಸ್ ಮೂರರ ಹುಮ್ಮಸ್ಸಿನಲ್ಲಿ ಇದನ್ನು ಮೈನಸ್ ನಾಲ್ಕಕ್ಕೆ ಇಳಿಸಿದೆ, ಸಬಿ ಬೆಣ್ಣೆ, ಆದರೆ ಎ ಮೆಲೊ ಚಾಪೆ ಕೆಳಗೆ ಹೋಗಿ ಸೇರಿತು. ಗೊಣಗಿದ ಹಾಗೆ ಕೇಳಿಸಿತು. ಕೊನೆಗೆ ಮೈನಸ್ ಒಂದು ಸರಿಹೋಯಿತು. ಇಳಿಸುವುದಕ್ಕೂ ಒಂದು ಮಿತಿ ಇದೆ. ಮೊದಲೇ ಕೆಳಗಿರುವ ಹಾಡನ್ನು, ಉದಾಹರಣೆಗೆ ಗಾಯಕಿ ನಾಕಾಮೊರಿ ಆಕಿನಾ ಅವರದ್ದನ್ನು, ಕೆಲವರು ಒಂದೆರಡು ಒತ್ತು ಏರಿಸಿಯೇ ಹಾಡಬೇಕು.

ಎಂಕಾ, ಅಂದರೆ ಹಳೇ ಧಾಟಿಯ ಭಾವುಕ ಜಪಾನಿ ಹಾಡುಗಳು, ನನಗೆ ಇಷ್ಟ, ಆದರೆ ಹಿತ ಅನ್ನಲಾರೆ. ಇಶಿಕಾವಾ ಸಾಯುರಿ ಅವರ 1977ರ ‘ತ್ಸುಗಾರು ಕಾಯ್ಕ್ಯೊ ಫುಯುಗೆಶಿಕಿ’ ದೊಡ್ಡಕ್ಕನ ಹಾಡು. ಅದರಲ್ಲಿ ‘ಕೊಬುಶಿ’ ಅಂತ ಬರುತ್ತದೆ, ದನಿಯನ್ನು ಒಂದೇ ಸ್ವರದ ಸುತ್ತ ಸುಳಿಸಿ ತರುವುದು. ಕೇಳಿದಕೂಡಲೇ ನಾನು ಓಹೋ ಗಮಕ, ಇದು ನನಗೆ ಗೊತ್ತು ಅಂತ ಶುರುಮಾಡಿದೆ. ಗೊತ್ತಿರಲಿಲ್ಲ. ನಮ್ಮ ಗಮಕ ತೂಗುತ್ತದೆ, ಅವರ ಕೊಬುಶಿ ಗಂಟು ಹಾಕುತ್ತದೆ. ನಾನು ತೂಗಿದೆ, ಅವರೆಲ್ಲ ತಲೆ ಬಗ್ಗಿಸಿ ನಗು ತಡೆದುಕೊಂಡರು.

ಗಂಡಸರ ಹಾಡಿನಲ್ಲೂ ನಮಗೆ ಒಂದು ಪಾಲು ಇದೆ. ಎತ್ತರದ ದನಿಯ ಗಂಡಸರು ಹಾಡಿದ್ದನ್ನು ಮೂಲ ಶ್ರುತಿಯಲ್ಲೇ ಹಾಡಿದರೆ ಈ ವಯಸ್ಸಿನ ಹೆಂಗಸರಿಗೆ ಸರಿಯಾಗಿ ಕೂರುತ್ತದೆ. ಸ್ಪಿಟ್ಸ್ ತಂಡದ 1995ರ ‘ರಾಬಿನ್ಸನ್’, 1996ರ ‘ಚೆರ್ರಿ’ ನಮ್ಮ ಮಧ್ಯದವಳು ಕಾಲು ಮೇಲೆ ಕಾಲು ಹಾಕಿ ಕೂತು ಹಾಡುತ್ತಾಳೆ. ಅವಳಿಗೆ ಕುಣಿಯಬೇಕು ಅನ್ನಿಸಿದಾಗ ಹೆಣ್ಣು ದನಿಯ ಜಾರ್ಡ್ ತಂಡದ 1993ರ ‘ಮಾಕೆನಾಯ್ದೆ’, ಸೋಲಬೇಡ ಅಂತ. ಅದು ಎಲ್ಲರಿಗೂ ಬಾಯಿಪಾಠ, ಒಬ್ಬರಿಗೆ ಉಸಿರು ಕಟ್ಟಿದರೆ ಮಿಕ್ಕ ಮೂವರು ಎತ್ತಿಕೊಳ್ಳುತ್ತಾರೆ, ಗೊತ್ತೇ ಆಗುವುದಿಲ್ಲ.

ಗಂಟಲಿಗೆ ಸುಲಭವಾದರೂ ಬೇಡ ಅನ್ನುವ ಹಾಡುಗಳೂ ಇವೆ. ಕಿರೊರೊ ಅವರ 1998ರ ‘ಮಿರಾಯ್ ಎ’ ಅಮ್ಮನನ್ನು ನೆನೆಯುವ ಹಾಡು. ಸ್ವರ ದೊಡ್ಡದೇನಲ್ಲ. ಆದರೆ ಮಗಳನ್ನು ದೂರದೂರಿಗೆ ಕಳಿಸಿದ ತಿಂಗಳಲ್ಲಿ ನಾನು ಅದನ್ನು ಆರಿಸಿ ಎರಡನೇ ಸಾಲಿಗೇ ನಿಲ್ಲಿಸಿದೆ. ಅಳು ಬಂದಾಗ ಗಂಟಲು ತಾನೇ ಮುಚ್ಚಿಕೊಳ್ಳುತ್ತದೆ, ಯಾವ ಬಟನ್ನೂ ಉಪಯೋಗಕ್ಕಿಲ್ಲ. ಹಾಡು ನಡುವೆ ನಿಲ್ಲಿಸುವ ಬಟನ್ ಇದೆಯಲ್ಲ, ಅದನ್ನು ಒತ್ತುವುದು ಅವಮಾನ ಅಂತ ಇಲ್ಲಿ ಯಾರೂ ತಿಳಿಯುವುದಿಲ್ಲ. ಒಂದು ಸಬಿ ಮುಗಿದಮೇಲೆ ಸಾಕು ಅಂತ ನಿಲ್ಲಿಸುವವರೇ ಬೇಕಾದಷ್ಟು.

ಸಣ್ಣಪುಟ್ಟದ್ದು ಕೆಲವು. ಮೊದಲ ಹಾಡು ನಿಮ್ಮ ಒಳ್ಳೆಯ ಹಾಡಾಗಬಾರದು, ಗಂಟಲು ಬಿಸಿಯಾಗುವುದು ಮೂರನೆಯದಕ್ಕೆ. ಐಸ್ ಹಾಕಿದ್ದು ಕುಡಿಯಬೇಡಿ, ಬಿಸಿ ಚಹಾ ತನ್ನಿ. ವಾದ್ಯದ ಸದ್ದು ಸ್ವಲ್ಪ ತಗ್ಗಿಸಿ, ಇಲ್ಲದಿದ್ದರೆ ಅದನ್ನು ಮೀರಿಸಲು ಕಿರುಚುತ್ತೀರಿ. ಎಕೋ ಜಾಸ್ತಿ ಮಾಡಿದರೆ ನಿಮಗೆ ನೀವು ಚೆನ್ನಾಗಿ ಕೇಳಿಸುತ್ತೀರಿ, ಅದೂ ಬೇಕೇ ಬೇಕು.

ಅಂಕ ಕೊಡುವ ಆಟವನ್ನು ಮಾತ್ರ ನಾನು ಹಾಕುವುದಿಲ್ಲ. ಪರದೆಯ ಮೇಲೆ ಗೆರೆಗೆರೆಯಾಗಿ ಸ್ವರ ಬರುತ್ತದೆ, ನೀವು ತಪ್ಪಿದ್ದು ಕಾಣುತ್ತದೆ, ಕೊಬುಶಿ ಎಷ್ಟು, ದನಿ ನಡುಗಿಸಿದ್ದು ಎಷ್ಟು, ಕೆಳಗಿನಿಂದ ಜಾರಿಸಿ ಎತ್ತಿದ್ದು ಎಷ್ಟು ಅಂತ ಎಣಿಸುತ್ತದೆ. ಒಮ್ಮೆ ದೊಡ್ಡಕ್ಕನಿಗೆ 79 ಬಂತು, ನನಗೆ 84. ಅವರ ಹಾಡು ಕೇಳಿ ಕಣ್ಣೀರು ಬಂದಿತ್ತು, ನನ್ನದಕ್ಕೆ ಯಾರೋ ಫ್ರೆಂಚ್ ಫ್ರೈಸ್ ಆರ್ಡರ್ ಮಾಡುತ್ತಿದ್ದರು. ಆ ಮಷೀನಿನ ಮಾತು ಯಾರು ನಂಬುತ್ತಾರೆ.

ಜಪಾನಿಯಲ್ಲಿ ಒಬ್ಬರ ಕೈಹಿಡಿದ ಹಾಡಿಗೆ ‘ಒಹಾಕೊ’ ಅಂತಾರೆ, ಬರೆಯುವುದು ಮಾತ್ರ 18 ಅನ್ನುವ ಅಂಕಿಯಲ್ಲಿ, ಕಬುಕಿ ಅನ್ನುವ ಹಳೇ ರಂಗಭೂಮಿಯ ಮನೆತನವೊಂದರ 18 ನಾಟಕಗಳಿಂದ ಬಂದ ಲೆಕ್ಕ. ನನಗೆ ಹದಿನೆಂಟು ಬೇಡ, ಒಂದು ಸಿಕ್ಕಿದೆ. ತಾಕೆಉಚಿ ಮಾರಿಯಾ 2007ರಲ್ಲಿ, ತಮ್ಮ 52ರಲ್ಲಿ ಮಾಡಿದ ‘ಜಿನ್ಸೆ ನೊ ತೊಬಿರಾ’. ಬದುಕಿನ ಬಾಗಿಲು. ಇಪ್ಪತ್ತು, ಮೂವತ್ತು, ನಲವತ್ತು ಅಂತ ವಯಸ್ಸನ್ನು ಎಣಿಸುತ್ತಾ ತೊಂಬತ್ತರವರೆಗೂ ಹೋಗುತ್ತದೆ. ಅವರ ದನಿ ಮೊದಲಿನಿಂದಲೂ ಕೆಳಗಿನದು, ಬಟನ್ ಮುಟ್ಟಬೇಕಿಲ್ಲ. ನಲವತ್ತರ ಸಾಲು ಬಂದಾಗ ನಾನೂ ಚಿಕ್ಕವಳೂ, ಐವತ್ತಕ್ಕೆ ಮಿಕ್ಕ ಇಬ್ಬರು. ಬರುವ ವರ್ಷ ನಾನು ಆ ಕಡೆಗೆ ದಾಟುತ್ತೇನೆ, ಚಿಕ್ಕವಳು ಈ ಕಡೆ ಒಬ್ಬಳೇ.

ಮೊನ್ನೆ ಮತ್ತೆ ಸೇರಿದ್ದೆವು. ಚಿಕ್ಕವಳು ಎಂದಿನಂತೆ ‘ಡಿಪಾರ್ಚರ್ಸ್’ ಮೂಲ ಶ್ರುತಿಯಲ್ಲೇ ಹಾಡಿದಳು. ಅವಳದ್ದು ಹಟ. ಮುಗಿಸಿ ಕೂತು, ಗಂಟಲು ಸವರಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಟ್ಯಾಬ್ಲೆಟ್ ತೆಗೆದುಕೊಂಡು ‘ಈ ಹಿ ತಾಬಿದಾಚಿ’ ಹುಡುಕಿದಳು. "ಅಮ್ಮ ಕಾರು ಓಡಿಸುವಾಗ ಇದನ್ನೇ ಹಾಡುತ್ತಿದ್ದರು, ನನಗೆ ಆಗ ಬೋರು," ಅಂದಳು. ಅವಳು ಹಾಡಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಅವಳ ದನಿ ಅಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ. ಯಾರೂ ಟ್ಯಾಂಬರಿನ್ ಮುಟ್ಟಲಿಲ್ಲ.

ಎರಡನೇ ಸಬಿ ಮುಗಿಯುವ ಹೊತ್ತಿಗೆ ಗೋಡೆಯ ಫೋನು ಹೊಡೆದುಕೊಂಡಿತು, ಇನ್ನು ಹತ್ತು ನಿಮಿಷ ಅಂತ ಹೇಳುವುದಕ್ಕೆ. ದೊಡ್ಡಕ್ಕ ಎತ್ತಿಕೊಂಡು, ರಿಸೀವರಿಗೆ ಅಂಗೈ ಅಡ್ಡ ಇಟ್ಟು, ಮೂವತ್ತು ನಿಮಿಷ ಜಾಸ್ತಿ ಕೇಳಲಾ ಅಂತ ಹುಬ್ಬಲ್ಲೇ ಕೇಳಿದರು. ನಾನು ಆಗಲೇ ‘ಎವ್ರಿಥಿಂಗ್’ ಹುಡುಕಿ ಫ್ಲಾಟ್ ಬಟನ್ ಒತ್ತುತ್ತಿದ್ದೆ. ಪಿ, ಪಿ, ಪಿ. ಒಂದು ಕ್ಷಣ ಯೋಚಿಸಿ, ಇನ್ನೊಂದು ಪಿ.